ಅತ್ತಿಗೆ ತುಂಬದ ಸಂದು

'ನಿಮ್ಮಣ್ಣ ಬೋಟು ಮಾಡಿದನಂತಲ್ಲ' ಎಂದು ಯಾರಾದರೂ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮಾಡಿದ, ಇಲ್ಲ ಎನ್ನುವುದಿಲ್ಲ. ಮರ ಕೊಯ್ದ, ಬೋಲ್ಟು ಬಿಗಿದ, ಅಷ್ಟೂ ಹೊತ್ತು ಇಡೀ ಬೀದಿಗೆ ಕೇಳುವಂತೆ ಶಿಳ್ಳೆ ಹಾಕಿದ. ಆದರೆ ಅದನ್ನು ಕಣ್ಣಲ್ಲಿ ನೋಡುವ ಹಾಗೆ, ಕೈಯಲ್ಲಿ ಮುಟ್ಟುವ ಹಾಗೆ ಮಾಡಿದವಳು ನಮ್ಮತ್ತಿಗೆ. ಅವಳ ಮಾತನ್ನು ಯಾರೂ ಎತ್ತುವುದಿಲ್ಲ. ನಾನು ನಾದಿನಿ, ಲೋಕದ ಪ್ರಕಾರ ಅತ್ತಿಗೆಯ ಮೇಲೆ ಚಾಡಿ ಹೇಳಬೇಕಾದವಳು. ಚಾಡಿ ಹೇಳಲೇಬೇಕೆಂದಿದ್ದರೆ ನನ್ನ ಬಳಿ ಅಣ್ಣನ ಮೇಲಿನದು ಬೇಕಾದಷ್ಟಿದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅತ್ತಿಗೆ ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕವಳು. ಹಾಗಾಗಿ ಬೆನ್ನ ಹಿಂದೆ ಅವಳು ಎನ್ನುತ್ತೇನೆ, ಎದುರಿಗೆ ಅತ್ತಿಗೆ ಎಂದೇ ಕರೆಯುತ್ತೇನೆ. ಬೀರು, ಮಂಚ, ಮೇಜು ಮಾಡುವ ಕಾರ್ಖಾನೆಯೊಂದರಲ್ಲಿ ಅವಳೂ ಅಣ್ಣನೂ ಇಬ್ಬರೂ ಕೆಲಸಕ್ಕಿದ್ದರು. ಕಾರ್ಖಾನೆಯ ಮುಂಭಾಗದಲ್ಲಿ ಗರಗಸ, ಕೀಸುಳಿ, ಗದ್ದಲ. ಅದು ಗಂಡಸರ ಜಾಗ. ಹಿಂದಿನ ಕೋಣೆಯಲ್ಲಿ ಪಾಲಿಷ್ ಪೇಪರ್, ವಾರ್ನಿಷ್ ಡಬ್ಬಿ, ಮೂಗಿಗೆ ಕಟ್ಟಿದ ಬಟ್ಟೆ. ಅದು ಹೆಂಗಸರ ಜಾಗ. ಹೆಂಗಸರು ಗರಗಸ ಮುಟ್ಟುವ ಹಾಗಿಲ್ಲ ಎಂದು ಯಾರೂ ಗೋಡೆಯ ಮೇಲೆ ಬರೆದು ಅಂಟಿಸಿರಲಿಲ್ಲ. ಮುಟ್ಟಲು ಹೋದವಳನ್ನು ನೋಡಿ ನಕ್ಕರೆ ಸಾಕಿತ್ತು, ಅವಳು ವಾಪಸು ಹೋಗುತ್ತಿದ್ದಳು.

ಮುಂಭಾಗದಲ್ಲಿ ಯಾರಾದರೂ ಅಡ್ಡಾದಿಡ್ಡಿ ಕೊಯ್ದು ಎರಡು ಮರದ ನಡುವೆ ಸಂದು ಬಿಟ್ಟರೆ, ಯಜಮಾನರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಹೇಳುತ್ತಿದ್ದುದು ಒಂದೇ ಮಾತು: ಹಿಂದಕ್ಕೆ ಕಳಿಸಿ, ಅವಳು ನೋಡಿಕೊಳ್ಳುತ್ತಾಳೆ. ಅವಳು ನೋಡಿಕೊಳ್ಳುತ್ತಿದ್ದಳು. ಅದೇ ಮರದ ಹೊಟ್ಟನ್ನು ಗರಗಸದ ಕೆಳಗಿನಿಂದ ಬಳಿದು ತಂದು, ಹಳೆಯ ಬಟ್ಟೆಯಲ್ಲಿ ಜರಡಿ ಹಿಡಿದು, ಡಬ್ಬಿಯ ಮುಚ್ಚಳದಲ್ಲಿ ಅಂಟಿನ ಜೊತೆ ಕಲಸಿ ಹೆಬ್ಬೆರಳಲ್ಲಿ ಸಂದಿನೊಳಗೆ ಒತ್ತುವಳು. ಒಣಗಿದ ಮೇಲೆ ಉಜ್ಜುವಳು. ಸಣ್ಣ ಕುಂಚವನ್ನು ಕಂದು ಬಣ್ಣದಲ್ಲಿ ಅದ್ದಿ ಮರದ ಎಳೆಗಳನ್ನು ಈ ಕಡೆಯಿಂದ ಆ ಕಡೆಗೆ ಎಳೆದು ಸೇರಿಸುವಳು. ಕೊಯ್ದವನೇ ಬಂದು ಹುಡುಕಿದರೂ ತನ್ನ ತಪ್ಪು ಎಲ್ಲಿತ್ತೆಂದು ತಿಳಿಯುತ್ತಿರಲಿಲ್ಲ. ಅದಕ್ಕೇ ಕಾರ್ಖಾನೆಯಲ್ಲಿ ಅವಳಿಗೆ ಮುಚ್ಚಳದಮ್ಮ ಎಂದು ಹೆಸರು ಬಿತ್ತು. ಬಿರುದು ಕೊಟ್ಟವರ ಹಾಗೆ ಎಲ್ಲರೂ ಹಲ್ಲು ಕಿರಿದರು.

ಉಜ್ಜಿ ಉಜ್ಜಿ ಅವಳ ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಹಾಜರಿಗೆಂದು ಬೆರಳು ಒತ್ತುವ ಯಂತ್ರ ತಂದಿಟ್ಟಾಗ ಅದು ಎಲ್ಲರನ್ನೂ ಗುರುತು ಹಿಡಿಯಿತು, ಅವಳನ್ನು ಮಾತ್ರ ಹಿಡಿಯಲಿಲ್ಲ. ಒತ್ತಿದಾಗಲೆಲ್ಲ ಕೆಂಪು ದೀಪ. ಇಡೀ ದಿನ ದುಡಿದು ಮನೆಗೆ ಬಂದ ಮೇಲೂ ಆ ಯಂತ್ರದ ಪ್ರಕಾರ ಅವಳು ಬಂದೇ ಇರಲಿಲ್ಲ. ಅದನ್ನು ಹೇಳಿಕೊಂಡು ಅವಳೇ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ, ಆ ಯಂತ್ರವನ್ನು ಎತ್ತಿ ಚರಂಡಿಗೆ ಎಸೆಯಬೇಕು ಅನ್ನಿಸುತ್ತಿತ್ತು.

ಇನ್ನು ನಮ್ಮಣ್ಣ. ಕೈಯಲ್ಲಿ ಕೆಲಸ ಇಲ್ಲದವನಲ್ಲ. ಗರಗಸ ಹಿಡಿದರೆ ನೇರ ಹೋಗುತ್ತದೆ, ವೇಗವಾಗಿಯೂ ಹೋಗುತ್ತದೆ. ಆದರೆ ನಾಲ್ಕು ಜನ ನೋಡುತ್ತಿದ್ದಾರೆ ಎಂದರೆ ಸಾಕು, ಅಳೆಯುವ ಮೊದಲೇ ಕೊಯ್ದಿರುತ್ತಾನೆ. ತಪ್ಪಿದರೆ ಮರ ಸರಿಯಿಲ್ಲ, ಗರಗಸದ ಹಲ್ಲು ಮೊಂಡು, ಬೆಳಕು ಸಾಲದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಅದು ಅವನಿಗೆಂದೇ ಮಾಡಿದ ಗಾದೆ. ಹಿಂದಿನ ಕೋಣೆಗೆ ಬರುತ್ತಿದ್ದ ಸಂದುಗಳಲ್ಲಿ ಅರ್ಧದಷ್ಟು ಅವನವೇ. ಕಟ್ಟಿಕೊಂಡ ಹೆಂಡತಿಯೇ ತುಂಬುತ್ತಾಳೆ ಎಂದಮೇಲೆ ಯಾವ ಗಂಡಸಿಗೆ ಅಳೆಯುವ ತಾಳ್ಮೆ ಇರುತ್ತದೆ ಹೇಳಿ.

ಬೋಟಿನ ಹುಚ್ಚು ಹತ್ತಿದ್ದೂ ಕಾರ್ಖಾನೆಯಲ್ಲೇ. ಯಾರೋ ಒಬ್ಬರು ತಮ್ಮ ಮರದ ಮೋಟಾರು ಬೋಟನ್ನು ಪಾಲಿಷ್ ಮಾಡಿಸಲು ತಂದಿದ್ದರು. ಕೆಲಸ ಮುಗಿದ ಮೇಲೆ ಊರ ಹೊರಗಿನ ಅಣೆಕಟ್ಟಿನ ಹಿನ್ನೀರಿನಲ್ಲಿ ಅಣ್ಣನನ್ನು ಒಂದು ಸುತ್ತು ಕರೆದುಕೊಂಡು ಹೋದರು. ಬಂದವನು ನೆಲದ ಮೇಲೆ ನಡೆಯಲೇ ಇಲ್ಲ. ಇದನ್ನು ನಾವೇ ಮಾಡಬಹುದು, ಇದರಲ್ಲೇನಿದೆ ಬ್ರಹ್ಮವಿದ್ಯೆ, ಎಂದು ಊಟಕ್ಕೆ ಕೂತಾಗಲೂ ಅದೇ ಮಾತು. ಯಜಮಾನರ ಗೋದಾಮಿನಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಎಂಜಿನ್ನನ್ನು ಕೇಳಿ ತಂದ. ಎಲ್ಲಿಂದಲೋ ನಕ್ಷೆ ತಂದು ಹಿತ್ತಲ ಶೆಡ್ಡಿನ ಗೋಡೆಗೆ ಅಂಟಿಸಿದ. ಬೋಟು ಮುಗಿದ ದಿನ ಮೊದಲ ಸವಾರಿ ನಿನ್ನದೇ ಎಂದು ಎರಡು ಬೀದಿ ಆಚೆ ಇರುವ ಮಗಳಿಗೆ ಮಾತು ಕೊಟ್ಟ. ಅವಳು ಮದುವೆಯಾಗಿ ಒಂದು ಸಂಸಾರ ನಡೆಸುತ್ತಿರುವವಳು, ಆದರೂ ಅಪ್ಪ ಹಾಗೆಂದ ಕೂಡಲೇ ಮಗುವಿನ ಹಾಗೆ ಕೈ ತಟ್ಟಿದಳು. ಅವಳಿಗೆ ಈಜು ಬರುವುದಿಲ್ಲ. ಸ್ನಾನದ ತೊಟ್ಟಿಗೂ ಹೆದರುತ್ತಿದ್ದ ಹುಡುಗಿ ಅದು.

ನಾನಿರುವುದೂ ಅದೇ ಮನೆಯಲ್ಲಿ, ಆ ಶೆಡ್ಡು ನನ್ನ ಹೊಲಿಗೆ ಕೋಣೆಯ ಗೋಡೆಗೇ ಅಂಟಿಕೊಂಡಿದೆ. ಮರದ ಹೊಟ್ಟು ಕಿಟಕಿಯಿಂದ ಬಂದು ಮಿಷನ್ನಿನ ಬಾಬಿನ್ನಿನಲ್ಲೂ ಸೇರಿಕೊಂಡಿತು, ಗಿರಾಕಿಗಳ ರವಿಕೆಯ ಕೊರಳಪಟ್ಟಿಯಲ್ಲೂ ಸೇರಿಕೊಂಡಿತು. ನಾನು ಬೈದೆ. ಅಣ್ಣ ಶಿಳ್ಳೆ ಹಾಕಿದ. ಅತ್ತಿಗೆ ಒದ್ದೆ ಬಟ್ಟೆ ತಂದು ಕಿಟಕಿಗೆ ಕಟ್ಟಿ ಹೋದಳು.

ಬೈದರೂ ಸುಳ್ಳು ಹೇಳಬಾರದು, ಮೊದಲ ದಿನಗಳು ಚೆನ್ನಾಗಿದ್ದವು. ಕಾರ್ಖಾನೆ ಮುಗಿಸಿ ಬಂದು ಇಬ್ಬರೂ ಶೆಡ್ಡಿಗೆ ಇಳಿಯುತ್ತಿದ್ದರು. ಉದ್ದದ ಅಡಿಮರವನ್ನು ನೆಲದ ಮೇಲೆ ಮಲಗಿಸಿ, ಅದಕ್ಕೆ ಅಡ್ಡಡ್ಡ ಪಕ್ಕೆಲುಬುಗಳನ್ನು ನಿಲ್ಲಿಸಿದರು. ಮುಂದೆ ನೀರು ಸೀಳುವ ಮೂತಿಯ ಮರವನ್ನು ಅಣ್ಣ ಒರಟಾಗಿ ಕೊಯ್ದು ಕೊಟ್ಟ. ಅತ್ತಿಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜತೊಡಗಿದಳು. ಎಷ್ಟು ಉಜ್ಜಿದರೂ ಆಗದ ಒಂದು ಉಬ್ಬು ಇತ್ತು. ಕೀಸುಳಿ ಕೊಡಿ ಇಲ್ಲಿ, ಎಂದಳು. ಅಣ್ಣ ಒಮ್ಮೆ ಬಾಗಿಲ ಕಡೆ ನೋಡಿದ, ಮನೆಯಲ್ಲಿ ಯಾರು ನೋಡುತ್ತಾರೆ ಎನ್ನುತ್ತ ಕೊಟ್ಟ. ಅವಳು ಕೀಸಿದಳು. ಮೊದಲನೇ ಸಿಪ್ಪೆ ಕಾಗದದಷ್ಟು ತೆಳ್ಳಗೆ ಸುರುಳಿಯಾಗಿ ಬಂತು. ಅದನ್ನು ನನಗೆ ತೋರಿಸಲೆಂದೇ ಕಿಟಕಿಯ ಬಟ್ಟೆ ಸರಿಸಿದಳು.

ಅಂದಿನಿಂದ ಅವಳು ಬರೀ ಪಾಲಿಷಿನವಳಾಗಿ ಉಳಿಯಲಿಲ್ಲ. ಎರಡೂ ಪಕ್ಕದ ಮೇಲಂಚಿಗೆ ಬರುವ ಪಟ್ಟಿಗಳನ್ನು ಅವಳೇ ಕೀಸಿ ದುಂಡಗೆ ಮಾಡಿದಳು. ಸ್ಟೀರಿಂಗ್ ಚಕ್ರವನ್ನು ಪೂರ್ತಿ ಅವಳೇ ಮಾಡಿದಳು, ಬಿಳಿ ಮರ ಕೆಂಪು ಮರ ತೆಳ್ಳಗೆ ಸೀಳಿ ಒಂದರ ಮೇಲೊಂದು ಅಂಟಿಸಿ. ಕೈಗೆ ಕೊಟ್ಟರೆ ಬಿಡಬೇಕು ಅನ್ನಿಸುತ್ತಿರಲಿಲ್ಲ. ಅಷ್ಟು ವರ್ಷ ಅವಳು ನಯ ಮಾಡಿದ್ದೆಲ್ಲ ಯಾರದೋ ಮನೆಗೆ ಹೋಗಿತ್ತು. ಇದು ಎಲ್ಲಿಗೂ ಹೋಗುವುದಿಲ್ಲ, ಎಂದು ಅವಳು ನನ್ನ ಹತ್ತಿರ ಒಂದು ಸಲ ಹೇಳಿದಳು. ಬೀದಿಯವರು ನೋಡಲು ಬಂದಾಗ ಮಾತ್ರ ಅಣ್ಣ ಚಕ್ರ ಎತ್ತಿ ತೋರಿಸಿ, ಹೇಗಿದೆ ನಮ್ಮ ಕೆಲಸ ಎನ್ನುತ್ತಿದ್ದ. ನಮ್ಮ ಅಂದರೆ ಯಾರದ್ದೋ ಎಂದು ನಾನು ಕೇಳಿದರೆ, ಇವಳಿಗೆ ಹೊಟ್ಟೆಯುರಿ ಎಂದ.

ಜಗಳ ಹತ್ತಿದ್ದು ಒಂದು ಮರದ ತುಂಡಿಗೆ. ಬೋಟಿನ ಹಿಂಬದಿಗೆ ಒಂದು ದಪ್ಪ ಹಲಗೆ ನಿಲ್ಲುತ್ತದೆ, ಎಂಜಿನ್ನು ತೂಗುಬೀಳುವುದು ಅದರ ಮೇಲೆ. ಆ ಹಲಗೆಯನ್ನೂ ಅಡಿಮರವನ್ನೂ ಹಿಡಿದು ನಿಲ್ಲಿಸಲು ಮೂಲೆಯಲ್ಲಿ ಒಂದು ಗಟ್ಟಿ ತುಂಡು ಕೂರುತ್ತದೆ. ಮಡಚಿದ ಮೊಣಕಾಲಿನ ಹಾಗಿರುತ್ತದೆ, ಅದಕ್ಕೆ ಇವರು ಮಂಡಿಮರ ಎನ್ನುತ್ತಿದ್ದರು. ಎಂಜಿನ್ನಿನ ಭಾರ, ಅದರ ನೂಕಾಟ, ಎಲ್ಲವನ್ನೂ ತಡೆದುಕೊಳ್ಳಬೇಕಾದದ್ದು ಈ ಮಂಡಿಮರ. ಅದು ಸಡಿಲಾದರೆ ಹಲಗೆ ಕಿತ್ತುಬರುತ್ತದೆ. ಹಲಗೆ ಕಿತ್ತರೆ ಎಂಜಿನ್ನಿನ ಜೊತೆ ಬೋಟಿನ ಬೆನ್ನೇ ಹೋಗುತ್ತದೆ, ಒಳಗಿದ್ದವರು ನೀರಿಗೆ.

ಅಣ್ಣ ಜೀವಮಾನವಿಡೀ ಬೀರು ಮಾಡಿದವನು. ಬೀರುವಿನಲ್ಲಿ ಎಲ್ಲ ಮೂಲೆಯೂ ನೇರ. ಮೂಲೆಮಟ್ಟ ಇಟ್ಟು ಗೆರೆ ಎಳೆ, ಕೊಯ್, ಕೂರಿಸು. ಆದರೆ ಬೋಟಿನ ಹಿಂಬದಿ ಹಲಗೆ ನೇರ ನಿಲ್ಲುವುದಿಲ್ಲ, ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ. ನಕ್ಷೆಯಲ್ಲೂ ವಾಲಿಸಿಯೇ ಬರೆದಿತ್ತು, ಹಲಗೆಯನ್ನು ಇವನೂ ವಾಲಿಸಿಯೇ ನಿಲ್ಲಿಸಿದ್ದ. ಮಂಡಿಮರ ಕೊಯ್ಯುವಾಗ ಮಾತ್ರ ಕೈ ತನ್ನಷ್ಟಕ್ಕೆ ತಾನೇ ಮೂಲೆಮಟ್ಟಕ್ಕೆ ಹೋಯಿತು. ಬೀರುವಿನ ಮೂಲೆಯ ಹಾಗೆ ನೇರ ಕೊಯ್ದುಬಿಟ್ಟ. ಆಗಲೂ ನಾಲ್ಕು ಜನ ಗೆಳೆಯರು ಬಂದು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರಂತೆ. ಕೂರಿಸಿ ನೋಡಲೂ ಇಲ್ಲ, ಅಂಟು ಬಳಿದು ಬೋಲ್ಟು ಬಿಗಿದು, ಅದರ ಮುಂದಿನ ತಳಹಲಗೆಯನ್ನೂ ಮುಚ್ಚಿಬಿಟ್ಟ.

ಸಂಜೆ ಅತ್ತಿಗೆ ಉಜ್ಜಲು ಒಳಗಿಳಿದಳು. ಅವಳು ಕಣ್ಣಿಗಿಂತ ಮೊದಲು ಅಂಗೈ ಇಟ್ಟು ನೋಡುವವಳು. ತುಂಡು ಕೆಳಗೆ ಹಲಗೆಯನ್ನು ಮುಟ್ಟಿತ್ತು, ಮೇಲೆ ಹೋದಂತೆ ಬಾಯಿ ಬಿಟ್ಟಿತ್ತು. ಮೇಲ್ತುದಿಯಲ್ಲಿ ಹೆಬ್ಬೆರಳು ಹೋಗುವಷ್ಟು ಸಂದು. ನಾನು ಸೀಟಿನ ಬಟ್ಟೆಗೆ ಅಳತೆ ತೆಗೆದುಕೊಳ್ಳಲು ಅಲ್ಲೇ ನಿಂತಿದ್ದೆ.

"ಇದು ಕೂತಿಲ್ಲ ರೀ," ಎಂದಳು.

"ಬೋಲ್ಟ್ ಹಾಕಿದ್ದೀನಲ್ಲ."

"ಬೋಲ್ಟ್ ಹಾಕಿದ್ರೆ ಕೂತ ಹಾಗಾ? ಬೆರಳು ಹೋಗ್ತಿದೆ ನೋಡಿ."

ಅಣ್ಣ ಬಗ್ಗಿ ನೋಡಿದ. ಅವನಿಗೆ ಆ ಕ್ಷಣವೇ ಗೊತ್ತಾಯಿತು, ಅವನ ಕಿವಿ ಕೆಂಪಾದದ್ದನ್ನು ನಾನು ಕಂಡೆ. ತಪ್ಪಾಯಿತು ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಅವನು ಎದ್ದು ಕೈ ಒರೆಸಿಕೊಂಡು, "ನೀನಿದ್ದೀಯಲ್ಲ, ತುಂಬು," ಎಂದ.

ಅತ್ತಿಗೆ ಬೋಟಿನೊಳಗೆ ಮಂಡಿಯೂರಿದ್ದವಳು ಹಾಗೆಯೇ ಇದ್ದಳು. ಕೈಯಲ್ಲಿದ್ದ ಪಾಲಿಷ್ ಪೇಪರನ್ನು ಮಡಚಿ ಪಕ್ಕಕ್ಕಿಟ್ಟಳು.

"ನಾನು ತುಂಬಲ್ಲ."

"ಏನು?"

"ತುಂಬಲ್ಲ ಅಂದೆ. ಬಿಚ್ಚಿ ಹೊಸದು ಮಾಡಿ."

ಬಿಚ್ಚಬೇಕೆಂದರೆ ಅಂಟಿಸಿದ ತಳಹಲಗೆಯನ್ನು ಒಡೆಯಬೇಕು. ಬೀದಿಗೆಲ್ಲ ತಾರೀಖು ಹೇಳಿಯಾಗಿದೆ. ಕಾರ್ಖಾನೆಯವರೆಲ್ಲ ಬರುತ್ತಾರೆ, ಯಜಮಾನರೂ ಬರುತ್ತಾರೆ. ಇದನ್ನೆಲ್ಲ ಅಣ್ಣ ಒಂದೇ ಉಸಿರಿನಲ್ಲಿ ಹೇಳಿದ. ಇಷ್ಟು ವರ್ಷ ನೀನು ತುಂಬಿದ ಬೀರು ಯಾವುದಾದರೂ ಬಿದ್ದಿದೆಯಾ, ಯಾರಾದರೂ ಸತ್ತಿದ್ದಾರಾ ಎಂದು ಗಟ್ಟಿಯಾಗಿ ಕೇಳಿದ.

"ಬೀರು ನೀರಿಗಿಳಿಯಲ್ಲ," ಎಂದಳು ಅತ್ತಿಗೆ. "ಇದರಲ್ಲಿ ಮೊದಲು ಕೂರೋದು ನನ್ನ ಮಗಳು."

ಅವಳು ಎದ್ದು ಒಳಗೆ ಹೋಗಿ ಕೈ ತೊಳೆದುಕೊಂಡಳು. ಮದುವೆಯಾಗಿ ಬಂದಂದಿನಿಂದ ಅವಳು ಅವನಿಗೆ ಆಗಲ್ಲ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವನೂ ಮೊದಲ ಸಲ ಕೇಳಿದ್ದು. ಕೇಳಿ ಅಭ್ಯಾಸವಿಲ್ಲದ್ದಕ್ಕೇ ಇರಬೇಕು, ಅವನು ಅರ್ಧ ಗಂಟೆ ಆ ಶೆಡ್ಡಿನಲ್ಲಿ ಸುಮ್ಮನೆ ಮೊಳೆಗಳನ್ನು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಸುರಿಯುತ್ತ ಕೂತಿದ್ದ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇದು ಉಂಡ ಮೇಲೂ ಮುಗಿಯಲಿಲ್ಲ, ಮಲಗಿ ಎದ್ದ ಮೇಲೂ ಮುಗಿಯಲಿಲ್ಲ. ಮಾತು ನಿಂತಿತು. ಉಪ್ಪು ಬೇಕೆಂದರೆ ಅಣ್ಣ ನನ್ನ ಮುಖ ನೋಡಿ ಉಪ್ಪು ಕೇಳುವನು, ಉಪ್ಪಿನ ಡಬ್ಬಿ ಅತ್ತಿಗೆಯ ಮೊಣಕೈ ಪಕ್ಕದಲ್ಲೇ ಇರುತ್ತಿತ್ತು. ನಾನೇನು ನಿಮ್ಮ ಪೋಸ್ಟ್‌ಮ್ಯಾನಾ ಎಂದು ನಾನು ಇಬ್ಬರಿಗೂ ಬೈದೆ. ಅಣ್ಣ ಕಾರ್ಖಾನೆಯಲ್ಲಿ ತಮಾಷೆಯ ಹಾಗೆ ಹೇಳಿಕೊಂಡ, ನಮ್ಮವಳಿಗೆ ಈಗ ಜಂಬ ಬಂದಿದೆ, ಸಂದು ತುಂಬುವುದಿಲ್ಲವಂತೆ. ಅವರೆಲ್ಲ ನಕ್ಕರು. ಮಂಡಿಮರವನ್ನು ಮೂಲೆಮಟ್ಟ ಇಟ್ಟು ಕೊಯ್ದದ್ದನ್ನು ಮಾತ್ರ ಅವನು ಯಾರಿಗೂ ಹೇಳಲಿಲ್ಲ, ಎಲ್ಲೋ ಸಣ್ಣದೊಂದು ಸಂದು ಎಂದಿದ್ದ.

ಯಜಮಾನರು ಒಂದು ದಿನ ಹಿಂದಿನ ಕೋಣೆಯ ಬಾಗಿಲಿಗೇ ಬಂದರಂತೆ. ಒಳ್ಳೆಯ ಮಾತಿನಲ್ಲೇ ಹೇಳಿದರಂತೆ. ಅಷ್ಟು ಆಸೆಯಿಂದ ಮಾಡುತ್ತಿದ್ದಾನೆ, ಗಂಡನ ಮರ್ಯಾದೆ ತೆಗೆಯಬೇಡ, ನಿನಗೆ ಅದೆಷ್ಟು ಹೊತ್ತಿನ ಕೆಲಸ, ಎಂದು. ಅತ್ತಿಗೆ ಮೂಗಿನ ಬಟ್ಟೆ ಕೆಳಗಿಳಿಸಿ, ಮೊದಲ ಸವಾರಿಗೆ ನಿಮ್ಮ ಮಗನನ್ನು ಕಳಿಸುತ್ತೀರಾ ಎಂದು ಕೇಳಿದಳಂತೆ. ಅವರು ಮುಖ ಗಂಟಿಕ್ಕಿಕೊಂಡು ಹೋದರು. ಇದನ್ನು ಅವಳು ಮನೆಗೆ ಬಂದು ನನಗೆ ಹೇಳುವಾಗ ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ಉಜ್ಜುತ್ತಿದ್ದಳು. ಹೆದರಿಕೆಯಿಂದ ಎಂದುಕೊಂಡೆ. ಅಲ್ಲ, ಕೋಪಕ್ಕೆ. ಅವಳಿಗೆ ಕೋಪ ಬಂದರೆ ಹೇಗಿರುತ್ತದೆಂದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ ನೋಡಿ.

ಆಮೇಲೆ ಒಂದು ಭಾನುವಾರ ಅವಳು ಮಗಳ ಮನೆಗೆ ಹೋಗಿದ್ದಳು, ನಾನು ಬಟ್ಟೆಯ ಅಂಗಡಿಗೆ. ನಾವು ತಿರುಗಿ ಬರುವಷ್ಟರಲ್ಲಿ ಅಣ್ಣನ ಮುಖ ಅರಳಿತ್ತು. ಬಿಚ್ಚಿ ಹೊಸದು ಕೂರಿಸಿದೆ, ಎಂದ. ಶೆಡ್ಡಿನ ಮೂಲೆಯಲ್ಲಿ ಒಡೆದ ಹಲಗೆಯ ಚೂರುಗಳೂ ಇದ್ದವು. ಬೋಟಿನ ಹಿಂಭಾಗಕ್ಕೆ ಪೆಟ್ಟಿಗೆಯಂಥ ಸೀಟು ಕೂರಿಸಿ, ಒಳಗೆಲ್ಲ ಬೂದು ಬಣ್ಣ ಬಳಿದಿದ್ದ. ಒಳಗಿನ ಬಣ್ಣ ನಾನೇ ಹೊಡೀತೀನಿ ಇವಳೇ, ನಿನಗೆ ಕೈ ನೋವು, ನೀನು ಹೊರಗಿನ ವಾರ್ನಿಷ್ ನೋಡಿಕೋ ಸಾಕು, ಎಂದ. ಆ ಒಂದು ಮಾತಿಗೆ ಅತ್ತಿಗೆಯ ಕಣ್ಣು ತುಂಬಿತು.

ಅವಳು ನಂಬಿದಳು. ನಂಬಿ, ಮನಸ್ಸಿಟ್ಟು ಕೆಲಸ ಮಾಡಿದಳು. ವಾರ್ನಿಷ್ ಒಂದು ಕೋಟು ಬಳಿಯುವುದು, ಒಣಗಿದ ಮೇಲೆ ನೀರು ಹಾಕಿ ನಯವಾದ ಪೇಪರಿನಲ್ಲಿ ಉಜ್ಜುವುದು, ಮತ್ತೆ ಬಳಿಯುವುದು. ಧೂಳು ಕೂರಬಾರದೆಂದು ಶೆಡ್ಡಿನ ನೆಲಕ್ಕೆ ನೀರು ಚಿಮುಕಿಸಿ, ನನ್ನ ಮಿಷನ್ನನ್ನೂ ನಿಲ್ಲಿಸಿದಳು. ಕೊನೆಯ ಕೋಟು ಒಣಗಿದಾಗ ಬೋಟಿನ ಪಕ್ಕದಲ್ಲಿ ನಿಂತವರ ಮುಖ ಅದರಲ್ಲಿ ಕಾಣುತ್ತಿತ್ತು. ಮನೆಯಲ್ಲಿ ಮಾತು ಮರಳಿ ಬಂತು. ಉಪ್ಪನ್ನು ಅಣ್ಣ ಅವಳ ಹತ್ತಿರವೇ ಕೇಳತೊಡಗಿದ.

ನೀರಿಗಿಳಿಸುವ ದಿನ ಸಾಮಾನು ಸಾಗಿಸುವ ವ್ಯಾನಿನಲ್ಲಿ ಬೋಟನ್ನು ಹಿನ್ನೀರಿಗೆ ಒಯ್ದೆವು. ಕಾರ್ಖಾನೆಯವರು ಹಗ್ಗ ಹಿಡಿದು ಇಳಿಜಾರಿನಲ್ಲಿ ಜಾರಿಸಿದರು. ಯಜಮಾನರು ಕೊಡೆ ಹಿಡಿದು ನಿಂತು ಎಡಕ್ಕೆ ಬಲಕ್ಕೆ ಎಂದು ಕೂಗುತ್ತಿದ್ದರು, ಅವರ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಬೋಟು ನೀರಿನ ಮೇಲೆ ನೇರ ನಿಂತಿತು. ಅಲ್ಲಗಳೆಯುವ ಹಾಗಿಲ್ಲ, ಚೆಂದವಾಗಿತ್ತು. ಅಣ್ಣ ಪೆಟ್ರೋಲು ಸುರಿದು, ಎಂಜಿನ್ನಿನ ಹಗ್ಗ ಎಳೆದು ಒಂದು ಸಲ ಗುರ್ರೆನಿಸಿ ನಿಲ್ಲಿಸಿದ. ಎಲ್ಲರೂ ಚಪ್ಪಾಳೆ ಹೊಡೆದರು.

ಜಾರಿಸುವಾಗ ಒಳಗೆ ಒಂದಷ್ಟು ನೀರು ಚಿಮ್ಮಿತ್ತು. ಮಗಳು ಹತ್ತುವ ಮೊದಲು ಅತ್ತಿಗೆ ಬಟ್ಟೆ ಹಿಡಿದು ಒಳಗಿಳಿದು ಒರೆಸಿದಳು. ಒರೆಸಿದ ಬಟ್ಟೆಯನ್ನು ಇಡಲೆಂದು ಹಿಂದಿನ ಸೀಟಿನ ಮುಚ್ಚಳ ಎತ್ತಿ ಕೈ ಹಾಕಿದಳು. ಹಾಕಿದ ಕೈ ಬಹಳ ಹೊತ್ತು ಹೊರಗೆ ಬರಲಿಲ್ಲ. ನನಗೆ ದಡದಿಂದ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಏನಾಯಿತೆಂದು ಅವಳು ಹೇಳಿದ್ದು ಆಮೇಲೆ. ಅಂಗೈಗೆ ಮಂಡಿಮರ ಸಿಕ್ಕಿತು. ಅದರ ಪಕ್ಕದಲ್ಲಿ ಮರ ಇರಬೇಕಾದ ಕಡೆ ಮರದ ಎಳೆಯೇ ಇರಲಿಲ್ಲ. ಉಗುರಿನಿಂದ ಕೆರೆದಳು. ಒದ್ದೆಯಾಗಿದ್ದ ಹೊಟ್ಟೂ ಅಂಟೂ ಬೂದು ಬಣ್ಣದ ಸಮೇತ ಉಗುರಿಗೆ ಬಂತು. ಅದೇ ಹಳೆಯ ತುಂಡು. ಅವಳಿಂದಲೇ ನೋಡಿ ಕಲಿತ ಕೆಲಸವನ್ನು ಅವಳ ಬೆನ್ನ ಹಿಂದೆ, ಅವಸರದಲ್ಲಿ, ಕೆಟ್ಟದಾಗಿ ಮಾಡಿದ್ದ. ಮೂಲೆಯಲ್ಲಿದ್ದ ಹಲಗೆಯ ಚೂರುಗಳು ಬರೀ ತೋರಿಕೆಗೆ ಇಟ್ಟದ್ದು.

ಅಷ್ಟರಲ್ಲಿ ಮಗಳು ಅಪ್ಪನ ಕೈ ಹಿಡಿದು ಒಂದು ಕಾಲು ಬೋಟಿನೊಳಗೆ ಇಟ್ಟಿದ್ದಳು. ಹೆದರಿಕೊಂಡು ನಗುತ್ತಿದ್ದಳು.

"ನೀನು ಇಳಿ," ಎಂದಳು ಅತ್ತಿಗೆ. "ಮೊದಲು ನಾನು ಹೋಗಿ ಬರ್ತೀನಿ."

ಮಗಳ ಮುಖ ಬಾಡಿತು. ನನಗೂ ಸಿಟ್ಟು ಬಂತು, ಆಸೆ ಹುಟ್ಟಿಸಿದ ಮೇಲೆ ಹೀಗಾ ಮಾಡುವುದು ಎಂದು ದಡದಿಂದಲೇ ಅಂದೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹಿಂದಿನ ಸೀಟಿನ ಮೇಲೆ, ಎಂಜಿನ್ನಿಗೆ ಬೆನ್ನು ತಾಗುವ ಹಾಗೆ ಕೂತಳು. ಯಜಮಾನರು, ಹೊಸ ಜೋಡಿ ಹೊರಟಿತು ನೋಡಿ ಎಂದು ನಗಿಸಿದರು. ಅಣ್ಣ ಮಾತ್ರ ನಗಲಿಲ್ಲ. ಅವಳು ಕೂತ ಜಾಗವನ್ನು ನೋಡಿದ, ನಕ್ಕವರನ್ನು ನೋಡಿದ, ಹೋಗಿ ಚಕ್ರದ ಮುಂದೆ ಕೂತ.

ಬೋಟು ನಿಧಾನವಾಗಿ ದಡ ಬಿಟ್ಟಿತು. ನಡುನೀರಿಗೆ ಹೋದ ಮೇಲೆ ವೇಗ ಕೊಡುತ್ತಾನೆ, ಮೂತಿ ಎತ್ತಿಕೊಂಡು ಹಾರುತ್ತದೆ ನೋಡಿ, ಎಂದು ಕಾರ್ಖಾನೆಯವರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಕೆಲವರು ಫೋನು ಹಿಡಿದು ನಿಂತರು. ನಡುನೀರು ಬಂತು. ಹಾರಲಿಲ್ಲ. ಸದ್ದು ಏರಲಿಲ್ಲ, ಇಳಿಯಲೂ ಇಲ್ಲ.

ಅಲ್ಲಿ ನಡೆದ ಮಾತನ್ನು ಅತ್ತಿಗೆ ನನಗೆ ಅಕ್ಷರ ಬಿಡದೆ ಹೇಳಿದ್ದಾಳೆ.

"ಹೊಸದು ಕೂರಿಸಿದೆ ಅಂದ್ರಲ್ಲ?" ಎಂದು ಕೇಳಿದಳು.

"ಹೂಂ," ಎಂದನಂತೆ, ತಿರುಗದೆ. ನೀರಿನ ನಡುವೆ, ಅವಳ ಬೆನ್ನು ಆ ಹಲಗೆಗೆ ತಾಗಿಕೊಂಡಿರುವಾಗ, ಆಗಲೂ ಹೂಂ ಎಂದ.

"ಹಾಗಾದ್ರೆ ಕೊಡಿ ವೇಗ."

ಅವನು ವೇಗದ ಹಿಡಿಕೆಯ ಮೇಲೆ ಕೈ ಇಟ್ಟ. ಕೈ ಅಲ್ಲೇ ಇತ್ತು, ಮುಂದಕ್ಕೆ ಹೋಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಇವಳೇ, ನೀನು ಸ್ವಲ್ಪ ಮುಂದೆ ಬಂದು ಕೂತ್ಕೋ," ಎಂದ.

"ಯಾಕೆ?"

"ಸುಮ್ನೆ. ಬಾ."

"ಮಗಳನ್ನ ಎಲ್ಲಿ ಕೂರಿಸೋಣ ಅಂತಿದ್ರಿ?"

ಅವಳು ಕೂತಲ್ಲಿಂದ ಏಳಲಿಲ್ಲ. ಅವನು ಚಕ್ರ ತಿರುಗಿಸಿದ. ದಡದಲ್ಲಿ ನಡೆದು ಬರುವವರಿಗಿಂತಲೂ ನಿಧಾನವಾಗಿ ಬೋಟು ವಾಪಸು ಬಂತು.

ಎಲ್ಲರೂ ನೀರಿನ ಅಂಚಿಗೆ ಓಡಿದೆವು. "ಏನಾಯ್ತಯ್ಯಾ, ಎಂಜಿನ್ ಕೈ ಕೊಡ್ತಾ?" ಎಂದು ಯಜಮಾನರು ಕೇಳಿದರು. ಮುಳುಗುವವನಿಗೆ ಹಗ್ಗ ಎಸೆದ ಹಾಗಾಯಿತು ಅದು.

"ಹೌದು, ಎಂಜಿನ್ ಸ್ವಲ್ಪ..." ಎಂದು ಅಣ್ಣ ಅರ್ಧಕ್ಕೆ ನಿಲ್ಲಿಸಿ ಅತ್ತಿಗೆಯ ಕಡೆ ನೋಡಿದ.

ಆ ನೋಟ ನನಗೆ ಚೆನ್ನಾಗಿ ಗೊತ್ತು. ಬರುತ್ತೇನೆಂದು ಮಾತು ಕೊಟ್ಟ ಕಡೆ ಹೋಗದಿದ್ದಾಗ, ಯಾರ ಮೇಲಾದರೂ ಕೂಗಾಡಿ ಬಂದಾಗ, ಅವನು ಹೀಗೇ ನೋಡುತ್ತಿದ್ದ, ಉಳಿದ ಅರ್ಧ ವಾಕ್ಯವನ್ನು ಅವಳು ಮುಗಿಸುತ್ತಿದ್ದಳು. ಅವರಿಗೆ ಮೈ ಸರಿಯಿರಲಿಲ್ಲ. ಅವರು ಹಾಗೆ ಹೇಳಿದ್ದಲ್ಲ, ಎನ್ನುತ್ತಿದ್ದಳು. ಈಗ ಅವಳು ಬೋಟಿನಿಂದ ಮೊಣಕಾಲವರೆಗಿನ ನೀರಿಗಿಳಿದು, ನಡೆದು ದಡಕ್ಕೆ ಬಂದು ನಿಂತಳು. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು.

"ಎಂಜಿನ್ ಚೆನ್ನಾಗಿದೆ," ಎಂದಳು.

ಅಷ್ಟೇ. ಬೈಯಲಿಲ್ಲ, ಕೂಗಲಿಲ್ಲ, ಉಗುರಿನಲ್ಲಿದ್ದದ್ದನ್ನು ತೋರಿಸಲಿಲ್ಲ. ನಾನಾಗಿದ್ದರೆ ಅಲ್ಲೇ ರಂಪ ಮಾಡಿ ನೀರನ್ನೇ ಕಲಕಿಬಿಡುತ್ತಿದ್ದೆ. ಅವಳು ಸುಮ್ಮನೆ ನಿಂತು, ಅವನೇ ಹೇಳಲಿ ಎಂದು ಬಿಟ್ಟಳು. ಅವನು ಎಂಜಿನ್ನನ್ನು ನೋಡಿದ, 'ಹೇಳಯ್ಯಾ' ಎನ್ನುತ್ತಿದ್ದ ಯಜಮಾನರನ್ನು ನೋಡಿದ. ಬೋಟು ದಡಕ್ಕೆ ತಟ್ಟುತ್ತಿತ್ತು, ಅದನ್ನು ಹಿಡಿದುಕೊಳ್ಳುವುದನ್ನೂ ಮರೆತಿದ್ದ.

"ಮಂಡಿಮರ ತಪ್ಪು ಕೊಯ್ದಿದ್ದೀನಿ," ಎಂದ ಕೊನೆಗೆ. "ಮೂಲೆಮಟ್ಟ ಇಟ್ಟು ಕೊಯ್ದೆ. ಬಿಚ್ಚಿಲ್ಲ. ಹೊಟ್ಟು ತುಂಬಿ ಬಣ್ಣ ಬಳಿದಿದ್ದೀನಿ. ವೇಗ ಕೊಟ್ಟಿದ್ರೆ ಹಿಂದೆ ಕಿತ್ತು ಹೋಗ್ತಿತ್ತು."

ಕಾರ್ಖಾನೆಯವರು ಯಾರೂ ನಗಲಿಲ್ಲ. ಮಗಳು ನನ್ನ ಪಕ್ಕದಲ್ಲಿ ನಿಂತಿದ್ದಳು. ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು.

"ಅಪ್ಪಾ," ಎಂದಳು, "ಕೈ ಹಿಡಿದು ಹತ್ತಿಸಿದ್ದು ನೀನೇ ಅಲ್ವಾ."

ಈ ಸಲ ಅತ್ತಿಗೆಯ ಕಡೆ ನೋಡುವ ಧೈರ್ಯ ಅಣ್ಣನಿಗಿರಲಿಲ್ಲ. ಅತ್ತಿಗೆ ಮಗಳ ಹೆಗಲಿಗೆ ಕೈ ಹಾಕಿಕೊಂಡು ಏರು ಹತ್ತಿ ರಸ್ತೆಯ ಕಡೆ ನಡೆದಳು. ಕಾರ್ಖಾನೆಯವರು ಹಗ್ಗ ಸುತ್ತತೊಡಗಿದರು. ಅಣ್ಣ ನೀರಿನಲ್ಲೇ ನಿಂತಿದ್ದ. ಅವನ ಬೆನ್ನು ತಟ್ಟಿ, ಹೋಗಲಿ ಬಿಡು ಎನ್ನುವುದಕ್ಕೆ ಅಲ್ಲಿ ನಾನೊಬ್ಬಳು ಉಳಿದಿದ್ದೆ, ಒಡಹುಟ್ಟಿದವಳು. ನಾನೂ ಹೊರಟೆ.